ಮಲಾಡಿನ ದಾರಿಯಾಗಿ ಬಂದ ಹಿಮ

ಮಲಾಡ್ ಪಶ್ಚಿಮದಲ್ಲಿ ಸ್ವಾಮಿ ವಿವೇಕಾನಂದ ರಸ್ತೆಯಿಂದ ಒಳಕ್ಕೆ ತಿರುಗಿದರೆ 'ಬಾಂಬೆ ಟಾಕೀಸ್ ಕಂಪೌಂಡ್' ಎಂಬ ಜಾಗವಿದೆ. ಈಗ ಅಲ್ಲಿರುವುದು ಸಣ್ಣ ಕಾರ್ಖಾನೆಗಳು, ಗೋದಾಮುಗಳು, ಸಾಮಾನು ಹೇರಿದ ಕೈಗಾಡಿಗಳು. ಅವುಗಳ ನಡುವೆ ಪಾಳುಬಿದ್ದ ಹಳೆಯ ಗೋಡೆಗಳು ನಿಂತಿವೆ. ಈ ಉಪನಗರದಲ್ಲಿ ವಾಸವಾಗಿರುವ ನಾನು ಆ ಹೆಸರನ್ನು ಬಹುಕಾಲ ಒಂದು ವಿಳಾಸವೆಂದಷ್ಟೇ ತಿಳಿದಿದ್ದೆ. ಹಿಮಾಲಯದ ಹಿಮವನ್ನು ಜೀವಮಾನವಿಡೀ ಬರೆದ ಒಬ್ಬ ಕಲಾವಿದನ ಚಿತ್ರಗಳು ಬೆಂಗಳೂರಿನ ಕುಮಾರಕೃಪಾ ರಸ್ತೆಯ ಗೋಡೆಗಳನ್ನು ಸೇರಿದ್ದರ ಹಿಂದೆ ಈ ಕಂಪೌಂಡಿನ ಕಥೆಯೂ ಇದೆ ಎಂಬುದು ತಿಳಿದದ್ದು ತೀರ ತಡವಾಗಿ. ಹಿಮ ಬೀಳದ ನಾಡಿಗೆ ಹಿಮದ ಚಿತ್ರಗಳು ಹೇಗೆ ಬಂದವು, ಬಂದ ಮೇಲೆ ಏನಾದವು ಎಂಬುದೇ ಈ ಬರಹದ ವಿಷಯ.

ಮೊದಲು ನಮ್ಮ ಭಾಷೆಯ ಕಡೆಗೊಮ್ಮೆ ನೋಡಬೇಕು. ಮಡಿಕೇರಿಯ ಬೆಳಗಿನಲ್ಲಿ ಎದುರಿನ ಮರವನ್ನು ಮರೆಮಾಡುವುದು ಮಂಜು. ಹಿಮಾಲಯದ ನೆತ್ತಿಯ ಮೇಲೆ ಕರಗದೆ ಕೂತಿರುವುದನ್ನೂ ನಾವು ಮಂಜು ಎಂದೇ ಕರೆಯುತ್ತೇವೆ. ಮೀನಿನ ಬುಟ್ಟಿಗೆ ಸುರಿಯುವುದು ಮಂಜುಗಡ್ಡೆ. 'ಹಿಮ' ಸಂಸ್ಕೃತದಿಂದ ಬಂದದ್ದು. ಇಬ್ಬನಿಗೆ ನಮ್ಮಲ್ಲಿ ಸೊಗಸಾದ ಪದವಿದೆ. ಬೇಸಗೆಯ ಗುಡುಗುಮಳೆಯಲ್ಲಿ ಬಯಲುಸೀಮೆಯ ಅಂಗಳಕ್ಕೆ ಬೀಳುವ ಆಲಿಕಲ್ಲಿಗೂ ಇದೆ. ಆಕಾಶದಿಂದ ಹತ್ತಿಯ ಹಾಗೆ ನಿಶ್ಶಬ್ದವಾಗಿ ಇಳಿದು ನೆಲವನ್ನು ಮುಚ್ಚುವ ಆ ಇನ್ನೊಂದು ವಸ್ತುವಿಗೆ ಮಾತ್ರ ಪ್ರತ್ಯೇಕ ಪದ ಬೇಕಾಗಲಿಲ್ಲ, ಏಕೆಂದರೆ ಅದು ನಮ್ಮ ಅಂಗಳಕ್ಕೆ ಬರಲೇ ಇಲ್ಲ. ಇಲ್ಲಿ ಮುಂಬೈಯ ಮಾತಿನಲ್ಲಿಯೂ ಇದೇ ಕಥೆ. ಶಿಖರದ ಮೇಲಿರುವುದೂ ಬರ್ಫ್, ಕಬ್ಬಿನಹಾಲಿನ ಲೋಟಕ್ಕೆ ಹಾಕುವುದೂ ಬರ್ಫ್. ಜನವರಿಯ ಒಂದು ಬೆಳಿಗ್ಗೆ ಉಷ್ಣಮಾನ 15 ಡಿಗ್ರಿಗೆ ಇಳಿದರೆ ಮಲಾಡಿನ ಪ್ಲಾಟ್‌ಫಾರಂ ತುಂಬ ಸ್ವೆಟರುಗಳು ಕಾಣಿಸಿಕೊಳ್ಳುತ್ತವೆ. ನಮ್ಮ ಚಳಿಗಾಲವೆಂದರೆ ಅಷ್ಟೇ.

ಆದ್ದರಿಂದ ಕನ್ನಡದವರು ಹಿಮವನ್ನು ಕಣ್ಣಿನಿಂದ ಕಾಣುವ ಮೊದಲು ಕಿವಿಯಿಂದ ಕೇಳಿದರು. 'ಕಿರಾತಾರ್ಜುನ' ಪ್ರಸಂಗದಲ್ಲಿ ಅರ್ಜುನ ಇಂದ್ರಕೀಲದಲ್ಲಿ ತಪಸ್ಸಿಗೆ ನಿಲ್ಲುತ್ತಾನೆ. ಕರಾವಳಿಯ ಸೆಕೆಯಲ್ಲಿ, ಬೆವರಿನಲ್ಲಿ ತೊಯ್ದ ವೇಷಧಾರಿ ಆ ಶೀತಲ ಪರ್ವತವನ್ನು ಅರ್ಥಗಾರಿಕೆಯಿಂದಲೇ ನಿಲ್ಲಿಸುತ್ತಾನೆ, ಗದ್ದೆಯಲ್ಲಿ ಕುಳಿತವರಿಗೆ ಅದು ಕಾಣುತ್ತದೆ. ಕಲ್ಲಿನಲ್ಲಿಯೂ ಈ ಕೆಲಸ ನಡೆದಿದೆ. ಎಂಟನೆಯ ಶತಮಾನದಲ್ಲಿ ರಾಷ್ಟ್ರಕೂಟರ ಒಂದನೆಯ ಕೃಷ್ಣನ ಕಾಲದ ಶಿಲ್ಪಿಗಳು ಎಲ್ಲೋರದ ಕರಿಯ ಬೆಟ್ಟವನ್ನು ಮೇಲಿನಿಂದ ಕೆಳಕ್ಕೆ ಕಡಿದು ಕೈಲಾಸವನ್ನು ಬಿಡಿಸಿದರು. ಕಡಿದು ಮುಗಿಸಿದ ಮೇಲೆ ಅದಕ್ಕೆ ಬಿಳಿಯ ಗಾರೆ ಬಳಿದಿದ್ದರೆಂದೂ, ಹಿಮ ಹೊದ್ದ ಕೈಲಾಸವಾಗಿ ಕಾಣಲೆಂಬುದೇ ಅದರ ಉದ್ದೇಶವಾಗಿತ್ತೆಂದೂ ಹೇಳುತ್ತಾರೆ. ಗಾರೆಯ ಮತ್ತು ಬಣ್ಣದ ಕುರುಹುಗಳು ಈಗಲೂ ಅಲ್ಲಲ್ಲಿ ಉಳಿದಿವೆ. ಮೇ ತಿಂಗಳ ಎಲ್ಲೋರದ ಬಿಸಿಲಿನಲ್ಲಿ ನಿಂತು ನೋಡಿದವರಿಗೆ ಆ ಸಾಹಸದ ಅರ್ಥವಾಗುತ್ತದೆ. ಕೈಲಾಸವನ್ನು ಕಂಡೇ ಇರದ ಕೈಗಳು ಬಹುಶಃ ಮಾಡಿದ ಹಿಮ ಅದು, ಮತ್ತು ಅದನ್ನು ಮಾಡಿಸಿದವರು ಕನ್ನಡ ನೆಲದ ಅರಸರು.

ಹೀಗೆ ಹಿಮವನ್ನು ಕಾಣದೆ ಕಲ್ಪಿಸುವ ಪರಂಪರೆ ನಮ್ಮದು. ಇನ್ನು ಅದನ್ನು ಕಂಡು ಬರೆದವನ ವಿಷಯ.

ನಿಕೊಲಾಯ್ ರೋರಿಕ್ ಹುಟ್ಟಿದ್ದು 1874ರಲ್ಲಿ, ರಷ್ಯದ ಸೇಂಟ್ ಪೀಟರ್ಸ್‌ಬರ್ಗ್ ನಗರದಲ್ಲಿ. ಉತ್ತರದ ದೀರ್ಘ ಚಳಿಗಾಲ ಅವರಿಗೆ ಹುಟ್ಟಿನೊಂದಿಗೇ ಬಂದ ಅನುಭವ. ಪುರಾತತ್ವದಲ್ಲಿ ಆಸಕ್ತಿಯಿದ್ದ ಈ ಚಿತ್ರಕಾರ ರಂಗಭೂಮಿಗೂ ದುಡಿದವರು. 1913ರಲ್ಲಿ ಪ್ಯಾರಿಸಿನಲ್ಲಿ ಮೊದಲ ಪ್ರದರ್ಶನದ ದಿನವೇ ಪ್ರೇಕ್ಷಕರ ಗಲಾಟೆಗೆ ಕಾರಣವಾದ ಸ್ಟ್ರಾವಿನ್ಸ್ಕಿಯ 'ವಸಂತದ ವಿಧಿ' ನೃತ್ಯರೂಪಕಕ್ಕೆ ರಂಗಸಜ್ಜಿಕೆ, ವೇಷಭೂಷಣಗಳನ್ನು ಕಲ್ಪಿಸಿದವರು ಅವರೇ. ಕ್ರಾಂತಿಯ ನಂತರ ರಷ್ಯ ಬಿಟ್ಟು ಫಿನ್ಲೆಂಡ್, ಲಂಡನ್, ನ್ಯೂಯಾರ್ಕ್ ಸುತ್ತಿ 1923ರ ಡಿಸೆಂಬರಿನಲ್ಲಿ ಹಡಗಿನಿಂದ ಮುಂಬೈಯಲ್ಲಿ ಇಳಿದರು. ಹೆಂಡತಿ ಹೆಲೆನಾ, ಮಕ್ಕಳಾದ ಯೂರಿ ಮತ್ತು ಸ್ವೆಟಸ್ಲಾವ್ ಜೊತೆಗಿದ್ದರು. ಅಲ್ಲಿಂದ ಡಾರ್ಜಿಲಿಂಗಿಗೆ, ಕಾಂಚನಜುಂಗದ ಎದುರಿಗೆ.

1925ರಿಂದ 1928ರವರೆಗೆ ಅವರ ತಂಡ ಕಾಶ್ಮೀರ, ಲಡಾಖ್, ಕಾರಾಕೋರಂ ದಾಟಿ ಖೋಟಾನ್, ಅಲ್ತಾಯ್, ಮಂಗೋಲಿಯ ಬಳಸಿ ಟಿಬೆಟ್ಟಿನವರೆಗೆ ನಡೆಯಿತು. ಟಿಬೆಟ್ಟಿನ ಅಧಿಕಾರಿಗಳು ಮುಂದಕ್ಕೆ ಹೋಗಲು ಅನುಮತಿ ಕೊಡದೆ, ಹಿಂದಕ್ಕೂ ಬಿಡದೆ, ಸುಮಾರು 15000 ಅಡಿ ಎತ್ತರದ ಬಯಲಿನಲ್ಲಿ ಅವರನ್ನು ತಡೆದಿಟ್ಟರು. 1927ರ ಶರತ್ಕಾಲದಿಂದ ಸುಮಾರು ಐದು ತಿಂಗಳು ಬೇಸಗೆಗೆಂದು ತಂದ ತೆಳು ಡೇರೆಗಳಲ್ಲಿಯೇ ಕಳೆಯಬೇಕಾಯಿತು. ತಂಡದ ಐವರು ಸತ್ತರು, ಹೊರೆ ಹೊರುವ ಪ್ರಾಣಿಗಳಲ್ಲಿ ಬಹುಪಾಲು ಹಿಮದಲ್ಲಿ ಬಿದ್ದವು. ರೋರಿಕರ ಚಿತ್ರಗಳನ್ನು ನೋಡುವಾಗ ಈ ಚಳಿಗಾಲವನ್ನು ನೆನಪಿನಲ್ಲಿ ಇಟ್ಟುಕೊಳ್ಳಬೇಕೆಂದು ನನಗೆ ಅನಿಸುತ್ತದೆ. ಅವರ ಹಿಮ ಶಾಂತವಾಗಿ ಕಾಣುತ್ತದೆ, ಧ್ಯಾನಕ್ಕೆ ಕೂತಂತೆ ಕಾಣುತ್ತದೆ; ಆದರೆ ಅದನ್ನು ಬರೆದವನಿಗೆ ಹಿಮ ಏನು ಮಾಡಬಲ್ಲದೆಂಬುದು ಚೆನ್ನಾಗಿ ಗೊತ್ತಿತ್ತು.

1928ರಲ್ಲಿ ಮರಳಿ ಬಂದ ಕುಟುಂಬ ಕುಲ್ಲು ಕಣಿವೆಯ ನಗ್ಗರಿನಲ್ಲಿ ನೆಲೆಸಿತು. ಬಿಯಾಸ್ ನದಿಯ ಎಡದಂಡೆಯ ಮೇಲೆ, ಸುಮಾರು 1800 ಮೀಟರ್ ಎತ್ತರದಲ್ಲಿರುವ ಊರು ಅದು. ಪಕ್ಕದಲ್ಲಿಯೇ 'ಉರುಸ್ವತಿ' ಎಂಬ ಹಿಮಾಲಯ ಅಧ್ಯಯನ ಸಂಸ್ಥೆ ಕಟ್ಟಿ ಸಸ್ಯಗಳು, ಟಿಬೆಟನ್ ವೈದ್ಯ, ಭಾಷೆಗಳ ಅಧ್ಯಯನ ನಡೆಸಿದರು. ಹಿರಿಯ ಮಗ ಯೂರಿ ಟಿಬೆಟನ್ ಭಾಷೆಯ ದೊಡ್ಡ ವಿದ್ವಾಂಸನಾದ. ತಂದೆ ಚಿತ್ರ ಬರೆಯುತ್ತ ಹೋದರು. ಅವರ ಒಟ್ಟು ಚಿತ್ರಗಳು ಸುಮಾರು 7000 ಎನ್ನುವ ಲೆಕ್ಕವಿದೆ. ಅದೇ ಕುಲ್ಲು ಜಿಲ್ಲೆಯಲ್ಲಿ ಈಗ 'ಇಂದರ್‌ಕಿಲ್ಲಾ' ಎಂಬ ರಾಷ್ಟ್ರೀಯ ಉದ್ಯಾನವಿದೆ, ಮನಾಲಿಯ ಹತ್ತಿರ ಅರ್ಜುನನ ಗುಹೆಯೆಂದು ಒಂದನ್ನು ತೋರಿಸುತ್ತಾರೆ. ನಮ್ಮ ಯಕ್ಷಗಾನದ ಇಂದ್ರಕೀಲ ಅದೇ ಬೆಟ್ಟವೆಂದು ನಾನು ಹೇಳಲಾರೆ. ಆದರೂ ನಗ್ಗರಿನಲ್ಲಿ ನಿಂತಾಗ ಆ ಹೆಸರು ಕಿವಿಯಲ್ಲಿ ಮೊಳಗದೆ ಇರಲಿಲ್ಲ.

ನಾನು ಅಲ್ಲಿಗೆ ಹೋದದ್ದು ಕೆಲವು ವರ್ಷಗಳ ಹಿಂದೆ, ನಾಲ್ಕು ವರ್ಷಗಳ ಬ್ಲಾಕ್ ಮುಗಿಯುವ ಮುನ್ನ ಎಲ್‌ಟಿಸಿ ಬಳಸಿಬಿಡಬೇಕೆಂಬ ಸರಕಾರಿ ನೌಕರನ ಆತುರದಲ್ಲಿ. ಮೊದಲ ದಿನ ಎಲ್ಲರಂತೆ ರೋಹ್ತಾಂಗ್ ಕಣಿವೆಮಾರ್ಗಕ್ಕೆ ಹೋದೆವು. ದಾರಿಯ ಅಂಗಡಿಗಳಲ್ಲಿ ಬಾಡಿಗೆಗೆ ತೆಗೆದುಕೊಂಡ ಕೋಟು, ಗಮ್‌ಬೂಟು ತೊಟ್ಟು ಮೇಲೆ ಹತ್ತಿದಾಗ ಕಂಡದ್ದು ಮೇ ತಿಂಗಳ ಹಿಮ. ಟೈರುಗಳು ತುಳಿದು ಕಂದಾಗಿದ್ದ, ಬಿಸ್ಕತ್ತಿನ ಕಾಗದಗಳು ಅಂಟಿದ್ದ ಹಿಮ. ಅದನ್ನು ಕೈಯಲ್ಲಿ ಹಿಡಿದು ನೋಡಿದ ನನ್ನ ಹೆಂಡತಿ "ಇಷ್ಟೇನಾ?" ಎಂದಳು. ಉತ್ತರ ನನ್ನಲ್ಲಿ ಇರಲಿಲ್ಲ. ಮರುದಿನ ನಗ್ಗರಿನ ರೋರಿಕರ ಮನೆಯಲ್ಲಿ, ನೆಲಮಹಡಿಯ ಸಣ್ಣ ಕೋಣೆಗಳಲ್ಲಿ ತೂಗಿಹಾಕಿದ ಚಿತ್ರಗಳ ಮುಂದೆ ಇಬ್ಬರೂ ಬಹಳ ಹೊತ್ತು ನಿಂತೆವು. ಮುಟ್ಟಿ ಬಂದ ಹಿಮಕ್ಕಿಂತ ನೋಡಿದ ಹಿಮ ಹೆಚ್ಚು ತಣ್ಣಗಿತ್ತು.

ಅದಕ್ಕೆ ಕಾರಣಗಳಿವೆ. ಹಿಮವೆಂದರೆ ಬಿಳಿ ಎಂದು ನಾವು ತಿಳಿದಿದ್ದೇವೆ. ರೋರಿಕರ ಹಿಮದಲ್ಲಿ ಶುದ್ಧ ಬಿಳಿ ತೀರ ಕಡಮೆ. ನೆರಳಿನಲ್ಲಿರುವ ಹಿಮಕ್ಕೆ ಬೆಳಕು ಬರುವುದು ಆಕಾಶದಿಂದ, ಹಾಗಾಗಿ ಅದು ನೀಲಿ. ಸಂಜೆ ಅದೇ ಹಿಮ ನೇರಳೆ, ಬೆಳಿಗ್ಗೆ ಗುಲಾಬಿ, ಸೂರ್ಯ ಹೊರಳುವ ಕ್ಷಣದಲ್ಲಿ ಕಿತ್ತಳೆ. ಅವರು ಮೆಚ್ಚಿ ಬಳಸಿದ್ದು ಟೆಂಪೆರಾ. ಎಣ್ಣೆಯ ಬದಲು ನೀರಿನಲ್ಲಿ ಬೆರೆಯುವ ಅಂಟಿನಲ್ಲಿ ಬಣ್ಣದ ಪುಡಿಯನ್ನು ಕಲಸಿ ಬಳಿಯುವ ಹಳೆಯ ಪದ್ಧತಿ. ಎಣ್ಣೆಬಣ್ಣ ಕಾಲಕಳೆದಂತೆ ಹಳದಿಯಾಗುತ್ತದೆ, ಮಿರುಗುತ್ತದೆ. ಟೆಂಪೆರಾ ಒಣಗಿದ ಮೇಲೆ ಮಿರುಗುವುದಿಲ್ಲ, ಹಿಟ್ಟು ಸವರಿದಂತೆ ಮಂಕಾಗಿ, ನುಣ್ಣಗೆ ನಿಲ್ಲುತ್ತದೆ. ಹಿಮಕ್ಕೆ ಅದಕ್ಕಿಂತ ತಕ್ಕ ಮೈ ಬೇರೆ ಸಿಗಲಿಕ್ಕಿಲ್ಲ. ಇನ್ನೊಂದು ಸಂಗತಿ, ಅಂಚುಗಳದು. ತೆಳುಗಾಳಿಯ ಎತ್ತರದಲ್ಲಿ ದೂರವೆಂಬುದು ಮಬ್ಬಾಗುವುದಿಲ್ಲ. ಇಪ್ಪತ್ತು ಮೈಲಿ ಆಚೆಯ ಶಿಖರವೂ ಕತ್ತರಿಯಿಂದ ಕತ್ತರಿಸಿ ಅಂಟಿಸಿದಂತೆ ಚೂಪಾಗಿ ಕಾಣುತ್ತದೆ. ರೋರಿಕ್ ಆ ಚೂಪನ್ನು ಹಾಗೆಯೇ ಇಟ್ಟರು. ಕೆಳಗೆ ಎಲ್ಲೋ ಒಂದು ಮೂಲೆಯಲ್ಲಿ ಹೆಬ್ಬೆರಳ ಉಗುರಿನಷ್ಟು ಒಬ್ಬ ಮನುಷ್ಯ, ಒಂದು ಕುದುರೆ. ಉಳಿದುದೆಲ್ಲ ಬೆಟ್ಟ.

ಇಲ್ಲಿ ನನಗೆ ನಮ್ಮ ಕೆ. ವೆಂಕಟಪ್ಪನವರು ನೆನಪಾಗುತ್ತಾರೆ. ಕಲ್ಕತ್ತದಲ್ಲಿ ಅವನೀಂದ್ರನಾಥ ಠಾಕೂರರ ಶಿಷ್ಯರಾಗಿದ್ದ ವೆಂಕಟಪ್ಪ ಮೈಸೂರಿಗೆ ಮರಳಿದ ಮೇಲೆ ಊಟಿ, ಕೊಡೈಕನಾಲುಗಳಲ್ಲಿ ಕೂತು ಬರೆದ ಜಲವರ್ಣ ಚಿತ್ರಗಳು ಬೆಂಗಳೂರಿನ ಅವರ ಹೆಸರಿನ ಗ್ಯಾಲರಿಯ ಸಂಪತ್ತು. ಅವರು ಬರೆದದ್ದು ದಕ್ಷಿಣದ ಮಂಜು. ಅದು ಅಂಚುಗಳನ್ನು ಅಳಿಸುತ್ತದೆ. ಬೆಟ್ಟ ಎಲ್ಲಿ ಮುಗಿಯಿತು, ಮೋಡ ಎಲ್ಲಿ ಮೊದಲಾಯಿತು ಎಂಬುದು ಗೊತ್ತಾಗದಂತೆ ಬಣ್ಣ ನೀರಿನಲ್ಲಿ ಕರಗುತ್ತದೆ. ಹಿಮಾಲಯದ ಮಂಜು ಅಂಚುಗಳನ್ನು ಕೊರೆಯುತ್ತದೆ. ಕನ್ನಡದ ಒಂದೇ ಪದದ ಒಳಗೆ ಎರಡು ವಿರುದ್ಧ ಕಲೆಗಳು ಸೇರಿಕೊಂಡಿವೆ. ವೆಂಕಟಪ್ಪ ಮತ್ತು ರೋರಿಕ್ ಸಮಕಾಲೀನರು, ಒಬ್ಬರು ಮರೆಮಾಡುವ ಮಂಜನ್ನೂ ಇನ್ನೊಬ್ಬರು ತೋರಿಸುವ ಮಂಜನ್ನೂ ಬರೆಯುತ್ತಿದ್ದ ವರ್ಷಗಳೂ ಹೆಚ್ಚುಕಡಮೆ ಅವೇ. ಇಬ್ಬರ ಚಿತ್ರಗಳೂ ಈಗ ಬೆಂಗಳೂರಿನಲ್ಲಿ ಒಂದಕ್ಕೊಂದು ಹೆಚ್ಚು ದೂರವಿಲ್ಲದ ಕಟ್ಟಡಗಳಲ್ಲಿವೆ. ಇಬ್ಬರನ್ನೂ ಒಂದೇ ಕೋಣೆಯಲ್ಲಿ ತೂಗಿಹಾಕುವ ಪ್ರದರ್ಶನವೊಂದನ್ನು ನೋಡುವ ಆಸೆ ನನ್ನದು.

ರೋರಿಕರ ಎಲ್ಲವೂ ನನಗೆ ಹಿಡಿಸುತ್ತದೆ ಎನ್ನಲಾರೆ. ಏಳು ಸಾವಿರ ಚಿತ್ರ ಬರೆದವರಲ್ಲಿ ಪುನರುಕ್ತಿ ಇಲ್ಲದಿರಲು ಸಾಧ್ಯವಿಲ್ಲ. ಶಂಭಲದ ನಿರೀಕ್ಷೆ, ಗುರುಗಳ ಸಂದೇಶ ಮುಂತಾದ ಅವರ ಬರಹದ ಉಪದೇಶದ ಧಾಟಿ ಬಹುಬೇಗ ದಣಿಸುತ್ತದೆ. ಅಮೆರಿಕದ ಕೃಷಿ ಇಲಾಖೆಗಾಗಿ ಬರ ತಡೆಯುವ ಹುಲ್ಲು ಹುಡುಕಲು 1934ರಲ್ಲಿ ಮಂಚೂರಿಯಕ್ಕೆ ಹೋಗಿ, ಅಲ್ಲಿನ ರಾಜಕೀಯದಲ್ಲಿ ಕಾಲು ಸಿಕ್ಕಿಸಿಕೊಂಡು, ಕಳಿಸಿದವರ ವಿಶ್ವಾಸವನ್ನೇ ಕಳೆದುಕೊಂಡ ಕಥೆಯೂ ಇದೆ. ಚಿತ್ರಗಳು ಮಾತ್ರ ಈ ಗದ್ದಲದ ಆಚೆಗೆ ನಿಂತಿವೆ. ಇಂಗ್ಲಿಷ್ ಸಾಹಿತ್ಯ ಓದಿದ ನನಗೆ ಅದರ ಸಾಕ್ಷಿ ಸಿಕ್ಕಿದ್ದು ವಿಚಿತ್ರ ಜಾಗದಲ್ಲಿ. ಅಮೆರಿಕದ ಭಯಾನಕ ಕಥೆಗಾರ ಎಚ್. ಪಿ. ಲವ್‌ಕ್ರಾಫ್ಟ್ 1931ರಲ್ಲಿ ಬರೆದು 1936ರಲ್ಲಿ ಅಚ್ಚಾದ, ಅಂಟಾರ್ಕ್ಟಿಕದ ಹಿಮದಲ್ಲಿ ನಡೆಯುವ ಕಾದಂಬರಿಯೊಂದರಲ್ಲಿ ರೋರಿಕರ ಹೆಸರು ಮತ್ತೆ ಮತ್ತೆ ಬರುತ್ತದೆ. ಆತ ಅಂಟಾರ್ಕ್ಟಿಕವನ್ನು ನೋಡಿದವನಲ್ಲ. ನ್ಯೂಯಾರ್ಕಿನ ರೋರಿಕ್ ಸಂಗ್ರಹಾಲಯದಲ್ಲಿ ಕಂಡ ಏಷ್ಯದ ಬೆಟ್ಟಗಳಿಂದ ದಕ್ಷಿಣ ಧ್ರುವದ ಹಿಮವನ್ನು ಕಟ್ಟಿಕೊಂಡ. ಕೈಲಾಸವನ್ನು ಎಲ್ಲೋರದಲ್ಲಿ ಕಡಿದವರ ದಾರಿಯೇ ಇದು.

ಇನ್ನು ಮಲಾಡಿಗೆ ಬರೋಣ.

1934ರಲ್ಲಿ ಹಿಮಾಂಶು ರಾಯ್ ಮತ್ತು ದೇವಿಕಾ ರಾಣಿ ಇಲ್ಲಿ ಬಾಂಬೆ ಟಾಕೀಸ್ ಸ್ಥಾಪಿಸಿದರು. ಉದ್ಯಮಿ ಎಫ್. ಇ. ದಿನ್‌ಶಾ ಅವರ ಬೇಸಗೆಯ ಬಂಗಲೆ ಮತ್ತು ತೋಟ ಸ್ಟುಡಿಯೋ ಆಯಿತು. ಮಲಾಡ್ ಆಗ ಮುಂಬೈಯೇ ಅಲ್ಲ, ತೆಂಗು, ಗದ್ದೆ, ಉಪ್ಪಿನ ಹೊಂಡಗಳ ನಡುವಿನ ಊರು. ವಿಶಾಖಪಟ್ಟಣದ ವಾಲ್ಟೇರಿನಲ್ಲಿ 1908ರಲ್ಲಿ ಹುಟ್ಟಿದ ದೇವಿಕಾ ರಾಣಿ ರವೀಂದ್ರನಾಥ ಠಾಕೂರರಿಗೆ ಬಂಧು, ಲಂಡನ್ನಿನಲ್ಲಿ ಓದಿದವರು. ಜರ್ಮನಿಯ ಮ್ಯೂನಿಕ್ಕಿನಿಂದ ನಿರ್ದೇಶಕ ಫ್ರಾಂಜ್ ಆಸ್ಟನ್, ಛಾಯಾಗ್ರಾಹಕ ಜೋಸೆಫ್ ವಿರ್ಶಿಂಗ್ ಮೊದಲಾದವರು ಬಂದು ಈ ಸೆಕೆಯಲ್ಲಿ ದುಡಿದರು. 1936ರ 'ಅಛೂತ್ ಕನ್ಯಾ' ತಯಾರಾದದ್ದು ಇಲ್ಲಿಯೇ. 1939ರಲ್ಲಿ ಯುದ್ಧ ಆರಂಭವಾದಾಗ ಬ್ರಿಟಿಷ್ ಸರಕಾರ ಜರ್ಮನರನ್ನು ಬಂಧನದಲ್ಲಿರಿಸಿತು. 1940ರಲ್ಲಿ ಹಿಮಾಂಶು ರಾಯ್ ತೀರಿಕೊಂಡರು. ಅವರ ಹೆಸರಿನ ಅರ್ಥ ತಂಪು ಕಿರಣದವನು, ಅಂದರೆ ಚಂದ್ರ. ಈ ಕಥೆಯಲ್ಲಿ ಹಿಮ ಮೊದಲು ಬರುವುದು ಆ ಹೆಸರಿನಲ್ಲಿ. ನಂತರದ ಐದು ವರ್ಷ ದೇವಿಕಾ ರಾಣಿ ಸ್ಟುಡಿಯೋವನ್ನು ನಡೆಸಿದರು. 1943ರ 'ಕಿಸ್ಮತ್' ಅಪಾರ ಯಶಸ್ಸು ಕಂಡಿತು, ಅದೇ ಹೊತ್ತಿಗೆ ಅಶೋಕ್ ಕುಮಾರ್ ಮುಂತಾದವರು ಸಿಡಿದು ಫಿಲ್ಮಿಸ್ತಾನ್ ಕಟ್ಟಲು ಹೊರಟರು. 1944ರ 'ಜ್ವಾರ್ ಭಾಟಾ'ದಲ್ಲಿ ದಿಲೀಪ್ ಕುಮಾರ್ ಎಂಬ ಹೊಸ ಹೆಸರಿನ ತರುಣನನ್ನು ತೆರೆಗೆ ತಂದವರು ದೇವಿಕಾ ರಾಣಿಯೇ.

ಮರುವರ್ಷ, 1945ರಲ್ಲಿ, ಅವರು ಸ್ಟುಡಿಯೋ ತೊರೆದು ಚಿತ್ರಕಾರ ಸ್ವೆಟಸ್ಲಾವ್ ರೋರಿಕರನ್ನು ಮದುವೆಯಾದರು. ಮೂವತ್ತೇಳನೆಯ ವಯಸ್ಸಿನಲ್ಲಿ, ದೇಶದ ಅತಿ ಪ್ರಸಿದ್ಧ ನಟಿ ಮಲಾಡಿನ ದೀಪಗಳನ್ನು ಬಿಟ್ಟು ಕುಲ್ಲು ಕಣಿವೆಗೆ ಹೊರಟುಹೋದರು, ಮತ್ತೆ ನಟಿಸಲಿಲ್ಲ. ಸಿನಿಮಾ ಇತಿಹಾಸಕಾರರು ಇದನ್ನು ಒಂದು ನಿರ್ಗಮನವೆಂದು ಬರೆಯುತ್ತಾರೆ. ಕನ್ನಡನಾಡಿನ ಕಡೆಯಿಂದ ನೋಡಿದರೆ ಇದು ಒಂದು ಆಗಮನದ ಮೊದಲ ಹೆಜ್ಜೆ. 1947ರ ಡಿಸೆಂಬರಿನಲ್ಲಿ ಹಿರಿಯ ರೋರಿಕ್ ನಗ್ಗರಿನಲ್ಲಿ ತೀರಿಕೊಂಡರು. ಅವರನ್ನು ದಹಿಸಿದ ಜಾಗದಲ್ಲಿ ಈಗ ಒಂದು ದೊಡ್ಡ ಬಂಡೆಗಲ್ಲಿದೆ. ಹೆಚ್ಚು ಕಾಲ ಕಳೆಯುವ ಮುನ್ನವೇ ಮಗ ಸೊಸೆ ಕಣಿವೆ ಬಿಟ್ಟು ದಕ್ಷಿಣಕ್ಕೆ ಬಂದು ಬೆಂಗಳೂರಿನ ಕನಕಪುರ ರಸ್ತೆಯ ತಾತಗುಣಿಯಲ್ಲಿ ನೆಲೆ ಕಂಡುಕೊಂಡರು. 460ಕ್ಕೂ ಹೆಚ್ಚು ಎಕರೆಯ ಆ ತೋಟದಲ್ಲಿ ಲಿನಲೋ ಎಂಬ ಮೆಕ್ಸಿಕೋ ಮೂಲದ ಮರಗಳನ್ನು ಬೆಳೆಸಿದರು. ಅದರಿಂದ ತೆಗೆಯುವ ಎಣ್ಣೆ ಸುಗಂಧದ್ರವ್ಯಗಳಿಗೆ ಹೋಗುತ್ತದೆ.

ಸ್ವೆಟಸ್ಲಾವ್ ತಂದೆಯ ನೆರಳಿನಲ್ಲಿ ಬೆಳೆದರೂ ಆ ನೆರಳಿನಲ್ಲಿಯೇ ಉಳಿದವರಲ್ಲ. ವ್ಯಕ್ತಿಚಿತ್ರ ಅವರ ಮುಖ್ಯ ಶಕ್ತಿ. 1942ರಲ್ಲಿ ನೆಹರೂ ಮತ್ತು ಇಂದಿರಾ ನಗ್ಗರಿನ ಮನೆಯಲ್ಲಿ ಅತಿಥಿಗಳಾಗಿದ್ದರು. ಸಂಸತ್ತಿನ ಸೆಂಟ್ರಲ್ ಹಾಲಿನಲ್ಲಿರುವ ನೆಹರೂ ಚಿತ್ರ ಸ್ವೆಟಸ್ಲಾವರದು. ಬೆಟ್ಟಗಳನ್ನೂ ಅವರು ಬರೆದರು. ಆದರೆ ಬೆಂಗಳೂರಿಗೆ ಬಂದ ಮೇಲೆ ಅವರ ಬಣ್ಣದ ತಟ್ಟೆಯೇ ಬದಲಾಯಿತು. ಕೆಂಪು ಮಣ್ಣು, ಹೊಲಗೆಲಸದ ಹೆಂಗಸರು, ಸಂಜೆಯ ಬೆಂಕಿಬಣ್ಣದ ಆಕಾಶ. ಹಿಮದಲ್ಲಿ ಬೆಳೆದ ಕಣ್ಣು ಕನ್ನಡ ನೆಲದ ಕೆಂಪನ್ನು ನಮಗಿಂತ ತೀವ್ರವಾಗಿ ಕಂಡಿತೋ ಏನೋ. ನಾವು ಕೆಮ್ಮಣ್ಣನ್ನು ದಿನವೂ ತುಳಿಯುವವರು, ನಮಗೆ ಅದು ಬಟ್ಟೆಗೆ ಅಂಟುವ ಧೂಳು. ಆತನಿಗೆ ಅದು ಒಂದು ಬಣ್ಣ.

ಎಂ. ಎಸ್. ನಂಜುಂಡರಾಯರು ಕಟ್ಟಿ ಬೆಳೆಸಿದ ಕರ್ನಾಟಕ ಚಿತ್ರಕಲಾ ಪರಿಷತ್ತಿನೊಂದಿಗೆ ಸ್ವೆಟಸ್ಲಾವ್ ನಿಕಟ ಸಂಬಂಧ ಇಟ್ಟುಕೊಂಡಿದ್ದರು. ತಮ್ಮ ಚಿತ್ರಗಳನ್ನೂ ತಂದೆಯ ಚಿತ್ರಗಳನ್ನೂ ಅದಕ್ಕೆ ಕೊಟ್ಟರು. ಪರಿಷತ್ತಿನ ರೋರಿಕ್ ಗ್ಯಾಲರಿಗಳಲ್ಲಿ ತಂದೆಯ ನೀಲಿ ಒಂದು ಕಡೆ, ಮಗನ ಕೆಂಪು ಒಂದು ಕಡೆ. ಬೆಂಗಳೂರಿಗೆ ಹೋದಾಗಲೆಲ್ಲ ಸಾಧ್ಯವಾದರೆ ಅಲ್ಲಿಗೆ ಹೋಗುತ್ತೇನೆ. ಹೊರಗಿನ ಅಂಗಳದಲ್ಲಿ ಕರಕುಶಲ ಮೇಳದ ಜಂಗುಳಿ ಇರುತ್ತದೆ, ಒಳಗಿನ ಆ ಕೋಣೆಗಳಲ್ಲಿ ಬಹಳ ಸಲ ನಾನೊಬ್ಬನೇ. ಒಮ್ಮೆ ಊರಿನಿಂದ ಬಂದಿದ್ದ ದೊಡ್ಡಮ್ಮನನ್ನು ಕರೆದೊಯ್ದಿದ್ದೆ. ಅವರು ಹಿಮಾಲಯದ ಒಂದು ಚಿತ್ರದ ಮುಂದೆ ನಿಂತು, ಚಪ್ಪಲಿ ಹೊರಗೇ ಬಿಡಬೇಕಿತ್ತೇನೋ ಎಂದು ಮೆಲ್ಲಗೆ ಕೇಳಿದರು. ಕಲಾವಿಮರ್ಶಕರು ರೋರಿಕರ ಬಗ್ಗೆ ಬರೆದ ಎಷ್ಟೋ ಪುಟಗಳಿಗಿಂತ ಆ ಪ್ರಶ್ನೆ ನನ್ನಲ್ಲಿ ಉಳಿದಿದೆ.

ಭಾರತ ಸರಕಾರ ಕಾನೂನಿನ ಅಡಿಯಲ್ಲಿ 'ಕಲಾನಿಧಿ' ಎಂದು ಘೋಷಿಸಿ, ದೇಶದಿಂದ ಹೊರಗೆ ಒಯ್ಯದಂತೆ ನಿರ್ಬಂಧಿಸಿರುವ ಒಂಬತ್ತು ಚಿತ್ರಕಾರರ ಕೃತಿಗಳಲ್ಲಿ ನಿಕೊಲಾಯ್ ರೋರಿಕರವೂ ಸೇರಿವೆ. ರವಿವರ್ಮ, ಮೂವರು ಠಾಕೂರರು, ನಂದಲಾಲ್ ಬೋಸ್, ಜಾಮಿನಿ ರಾಯ್, ಅಮೃತಾ ಶೇರ್‌ಗಿಲ್, ಶೈಲೋಜ್ ಮುಖರ್ಜಿ ಉಳಿದವರು. ಇವರಲ್ಲಿ ಹೊರದೇಶದಲ್ಲಿ ಹುಟ್ಟಿದವರು ಇಬ್ಬರು, ಬುಡಾಪೆಸ್ಟಿನ ಶೇರ್‌ಗಿಲ್ ಮತ್ತು ರೋರಿಕ್. ಹಿಮಾಲಯದ ಹಿಮವನ್ನು ನಮ್ಮದೆಂದು ಕಾನೂನು ಕಾಯುವಾಗ ಅದನ್ನು ಬರೆದ ರಷ್ಯನ್ ಕೈಯನ್ನೂ ನಮ್ಮದೆಂದು ಒಪ್ಪಿಕೊಂಡಿತು. ಸರಕಾರಿ ಕಡತಗಳಲ್ಲಿ ಇಂಥ ಔದಾರ್ಯ ಅಪರೂಪ. ಕಡತಗಳ ನಡುವೆಯೇ ಬದುಕುವವನಾಗಿ ಹೇಳುತ್ತಿದ್ದೇನೆ.

ಕೃತಿಗಳನ್ನು ಕಾಯುವ ಪ್ರಶ್ನೆ ರೋರಿಕರನ್ನು ಜೀವಮಾನವಿಡೀ ಕಾಡಿತ್ತು. ಯುದ್ಧಕಾಲದಲ್ಲಿ ವಸ್ತುಸಂಗ್ರಹಾಲಯ, ಗ್ರಂಥಾಲಯ, ದೇವಾಲಯಗಳ ಮೇಲೆ ದಾಳಿ ಮಾಡಬಾರದು, ರೆಡ್ ಕ್ರಾಸಿನಂತೆ ಅವುಗಳ ಮೇಲೂ ಒಂದು ಬಾವುಟ ಹಾರಬೇಕು ಎಂಬುದು ಅವರ ಪ್ರಸ್ತಾಪ. 1935ರ ಏಪ್ರಿಲ್ 15ರಂದು ವಾಷಿಂಗ್ಟನ್ನಿನ ಶ್ವೇತಭವನದಲ್ಲಿ ಅಮೆರಿಕ ಖಂಡಗಳ 21 ದೇಶಗಳು 'ರೋರಿಕ್ ಒಪ್ಪಂದ'ಕ್ಕೆ ಸಹಿ ಹಾಕಿದವು. ಬಾಂಬಿನಿಂದ ಕಲೆಯನ್ನು ಕಾಯಲು ಒಪ್ಪಂದ ಸಿಕ್ಕಿತು. ಉತ್ತರಾಧಿಕಾರದ ವ್ಯಾಜ್ಯದಿಂದ ಕಾಯಲು ಯಾವ ಬಾವುಟವೂ ಇರಲಿಲ್ಲ.

ಸ್ವೆಟಸ್ಲಾವ್ 1993ರ ಜನವರಿಯಲ್ಲಿ, ದೇವಿಕಾ ರಾಣಿ 1994ರ ಮಾರ್ಚಿನಲ್ಲಿ ಬೆಂಗಳೂರಿನಲ್ಲಿ ನಿಧನರಾದರು. ಮಕ್ಕಳಿರಲಿಲ್ಲ. ಕೊನೆಯ ವರ್ಷಗಳನ್ನು ಅವರು ತೋಟದಲ್ಲಿ ಕಳೆಯಲಿಲ್ಲ, ನಗರದ ಹೋಟೆಲೊಂದರಲ್ಲಿದ್ದರು. ತೋಟ ಯಾರದು ಎಂಬ ವಿವಾದ ಅವರು ಬದುಕಿದ್ದಾಗಲೇ ಆರಂಭವಾಗಿತ್ತು. ಕರ್ನಾಟಕ ಸರಕಾರ 1996ರಲ್ಲಿ ಈ ಒಂದು ಆಸ್ತಿಗಾಗಿಯೇ ಕಾಯಿದೆ ಮಾಡಿ ಅದನ್ನು ಸ್ವಾಧೀನಪಡಿಸಿಕೊಳ್ಳಲು ಹೊರಟಿತು. ಭೂಮಿಯ ಮೇಲೆ ಹಕ್ಕು ಹೇಳಿದ ಕಂಪನಿ ನ್ಯಾಯಾಲಯಕ್ಕೆ ಹೋಯಿತು. ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ 2011ರ ಆಗಸ್ಟ್ 9ರಂದು ಕಾಯಿದೆಯನ್ನು ಎತ್ತಿಹಿಡಿಯಿತು. ಆಸ್ತಿಯ ಹಕ್ಕಿನ ಕುರಿತ ಸಂವಿಧಾನದ 300ಎ ವಿಧಿಗೆ ಸಂಬಂಧಿಸಿ ಈ ತೀರ್ಪು ಈಗ ಒಂದು ಮೈಲಿಗಲ್ಲು. ನಾನು ಅದನ್ನು ಮೊದಲು ಓದಿದ್ದು ಇಲಾಖೆಯ ತರಬೇತಿಯೊಂದರಲ್ಲಿ. ಕೈಗೆ ಕೊಟ್ಟ ಟಿಪ್ಪಣಿಯಲ್ಲಿ ಕಂಪನಿಯ ಹೆಸರಿತ್ತು, ವಿಧಿಯ ಸಂಖ್ಯೆಯಿತ್ತು, ಎಕರೆಗಳ ಲೆಕ್ಕವಿತ್ತು. ಆ ಎಕರೆಗಳಲ್ಲಿ ಒಬ್ಬ ಚಿತ್ರಕಾರ ಇದ್ದನೆಂಬ ಒಂದು ಸಾಲೂ ಇರಲಿಲ್ಲ. ಊಟದ ವಿರಾಮದಲ್ಲಿ ಫೋನಿನಲ್ಲಿ ಹುಡುಕಿದಾಗ ರೋರಿಕ್, ದೇವಿಕಾ ರಾಣಿ, ಬಾಂಬೆ ಟಾಕೀಸ್, ಕೊನೆಗೆ ನನ್ನದೇ ಮಲಾಡ್ ಒಂದರ ಹಿಂದೊಂದು ಬಂದು ನಿಂತವು. ಈ ಬರಹದ ಬೀಜ ಅಂದಿನದು.

ಟೆಂಪೆರಾ ಚಿತ್ರಗಳಿಗೆ ಕಾವಲು ಬೇಕಾಗಿರುವುದು ಕಳ್ಳರಿಂದ ಮಾತ್ರವಲ್ಲ. ಗಾಳಿಯಲ್ಲಿ ತೇವ ಏರಿಳಿದರೆ ಬಣ್ಣದ ಪದರ ಬಿರುಕು ಬಿಡುತ್ತದೆ, ಹಪ್ಪಳದಂತೆ ಏಳುತ್ತದೆ, ಬೂಸ್ಟು ಹಿಡಿಯುತ್ತದೆ. ಹಿಮಾಲಯದ ಒಣಗಾಳಿಯಲ್ಲಿ ಬರೆದ ಚಿತ್ರಕ್ಕೆ ದಕ್ಷಿಣದ ಮಳೆಗಾಲ ಒಂದು ಪರೀಕ್ಷೆಯೇ. ಈಗ ಮೂಲ ಹಿಮವೂ ಸುರಕ್ಷಿತವಾಗಿ ಉಳಿದಿಲ್ಲ. ಹಿಮಾಲಯದ ಹಿಮನದಿಗಳು ಹಿಂದೆ ಸರಿಯುತ್ತಿವೆ, ಇಂದಿನ ಕಲಾವಿದರು ಹಿಮವನ್ನು ಬಳಸುವ ರೀತಿಯೂ ಅದಕ್ಕೆ ತಕ್ಕಂತೆ ಬದಲಾಗಿದೆ. ಒಲಾಫರ್ ಎಲಿಯಾಸನ್ ಎಂಬ ಕಲಾವಿದ 2015ರ ಡಿಸೆಂಬರಿನಲ್ಲಿ, ಹವಾಮಾನ ಸಮ್ಮೇಳನ ನಡೆಯುತ್ತಿದ್ದಾಗ, ಗ್ರೀನ್‌ಲೆಂಡಿನ ಮಂಜಿನ 12 ಬಂಡೆಗಳನ್ನು ಪ್ಯಾರಿಸಿನ ಚೌಕವೊಂದರಲ್ಲಿ ಗಡಿಯಾರದ ಅಂಕಿಗಳಂತೆ ಇರಿಸಿ ಕರಗಲು ಬಿಟ್ಟ. ಜನ ಅದನ್ನು ತಬ್ಬಿಕೊಂಡು, ಕಿವಿಯಿಟ್ಟು ಕೇಳಿ ಹೋದರು. ಆತನ ಕೃತಿ ಇಲ್ಲವಾಗುವುದರಲ್ಲಿಯೇ ಪೂರ್ಣವಾಗುತ್ತದೆ. ರೋರಿಕ್ ಹಿಮವನ್ನು ಶಾಶ್ವತವೆಂದು ನಂಬಿ ಬರೆದರು. ಆ ನಂಬಿಕೆಗೆ ಈಗ ಬೇರೆಯೇ ಒಂದು ವ್ಯಥೆ ಸೇರಿಕೊಂಡಿದೆ. ಅವರ ಬೆಟ್ಟಗಳು ನಕ್ಷೆಗಳಲ್ಲ, ಅಳತೆಗೆ ಬಾರದವು, ಆದ್ದರಿಂದ ಎಷ್ಟು ಕರಗಿತೆಂದು ಅವುಗಳಿಂದ ಲೆಕ್ಕ ಹಾಕಲಾಗದು. 1930ರ ದಶಕದ ಒಂದು ಸಂಜೆ ನಗ್ಗರಿನಿಂದ ನೋಡಿದಾಗ ಆ ಹಿಮ ಯಾವ ಬಣ್ಣದಲ್ಲಿತ್ತೆಂದು ಮಾತ್ರ ಅವು ಹೇಳುತ್ತವೆ.

ಬಾಂಬೆ ಟಾಕೀಸ್ ದೇವಿಕಾ ರಾಣಿ ಹೋದ ಮೇಲೆ ಹತ್ತು ವರ್ಷವೂ ಬಾಳಲಿಲ್ಲ. 1949ರ 'ಮಹಲ್' ಅದರ ಕೊನೆಯ ದೊಡ್ಡ ಗೆಲುವು, 1954ರ 'ಬಾದ್‌ಬಾನ್' ಕೊನೆಯ ಚಿತ್ರ. ಕಳೆದ ಮಳೆಗಾಲ ಮುಗಿದ ಮೇಲೆ ಒಂದು ಭಾನುವಾರ ಮತ್ತೆ ಆ ಕಂಪೌಂಡಿಗೆ ಹೋಗಿದ್ದೆ. ಹಳೆಯ ಗೋಡೆಯೊಂದರ ಬಿರುಕಿನಲ್ಲಿ ಅರಳಿಗಿಡ ಬೇರು ಬಿಟ್ಟಿತ್ತು. ಇಲ್ಲಿ ಮೊದಲು ಏನಿತ್ತೆಂದು ಚಹಾದ ಅಂಗಡಿಯವನನ್ನು ಕೇಳಿದೆ. ಸಿನಿಮಾ ಕಂಪನಿ ಇತ್ತಂತೆ ಎಂದ, ಯಾರದೆಂದು ಅವನಿಗೆ ಗೊತ್ತಿರಲಿಲ್ಲ. ಪಕ್ಕದಲ್ಲಿ ಒಬ್ಬ ಹುಡುಗ ಗೋಣಿಚೀಲ ಹೊದಿಸಿದ ಬರ್ಫಿನ ಹಾಸೊಂದನ್ನು ಕೈಗಾಡಿಯಿಂದ ಇಳಿಸುತ್ತಿದ್ದ, ನೀರು ಕಲ್ಲುಹಾಸಿನ ಮೇಲೆ ಹರಿದು ಗಟಾರದ ಕಡೆಗೆ ಹೋಗುತ್ತಿತ್ತು. ಚಹಾ ಕುಡಿದು ಮುಗಿಸುವಷ್ಟರಲ್ಲಿ ಕೊರಿಯರಿನವನು ಬಂದು ಅಂಗಡಿಯವನ ಕೈಗೆ ಒಂದು ಪೊಟ್ಟಣ ಕೊಟ್ಟು ಸಹಿ ಹಾಕಿಸಿಕೊಂಡ. ಅದರ ಮೇಲೆ ದಪ್ಪ ಅಕ್ಷರದಲ್ಲಿ ಬರೆದಿತ್ತು: ಬಾಂಬೆ ಟಾಕೀಸ್ ಕಂಪೌಂಡ್, ಮಲಾಡ್ ಪಶ್ಚಿಮ.